ಅಥ್ಲೆಟಿಕ್ಸ್, ಟಿವಿ, ವಿವಾದ: ಪದೇ ಪದೇ ಕೇಳುವ ಪ್ರಶ್ನೆಗಳು

ಅಥ್ಲೆಟಿಕ್ಸ್ ಬಗ್ಗೆ, ಅದನ್ನು ತೋರಿಸುವ ಟಿವಿ ಬಗ್ಗೆ, ಬರೆಯುವ ಪತ್ರಿಕೆಗಳ ಬಗ್ಗೆ ನನ್ನನ್ನು ಕೇಳುವವರು ಬಹಳ. ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಇಟ್ಟಿದ್ದೇನೆ. ಯಾವ ವಿವಾದ ಎದ್ದರೂ ನಾನು ಮೊದಲು ನೋಡುವುದು ಒಂದನ್ನೇ: ಇದರಲ್ಲಿ ಕಳೆದುಕೊಂಡವರು ಯಾರು? ಸುದ್ದಿಯಲ್ಲಿ ಬಹಳ ಸಲ ಅವರ ಹೆಸರೇ ಇರುವುದಿಲ್ಲ.

ಟಿವಿಯಲ್ಲಿ ಅಥ್ಲೆಟಿಕ್ಸ್ ಚೆನ್ನಾಗಿಯೇ ಬರುತ್ತದಲ್ಲ, ನಿಮ್ಮ ತಕರಾರು ಏನು?

ಓಟಗಳನ್ನು ಚೆನ್ನಾಗಿ ತೋರಿಸುತ್ತಾರೆ, ಎರಡು ಮಾತಿಲ್ಲ. ಅನ್ಯಾಯ ಆಗುತ್ತಿರುವುದು ಎಸೆತ ಮತ್ತು ಜಿಗಿತಗಳಿಗೆ. ಶಾಟ್‌ಪಟ್ ಫೈನಲ್ ಒಂದು ಗಂಟೆ ನಡೆದರೂ ನಮಗೆ ಕಾಣಿಸುವುದು ಗೆದ್ದವರ ಒಂದು ಎಸೆತ, ಆಮೇಲೆ ಬಾವುಟ ಹೊದ್ದುಕೊಂಡು ಓಡುವ ದೃಶ್ಯ. ನಡುವೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜಾವೆಲಿನ್ ಫೈನಲ್ ನೆನಪಿಸಿಕೊಳ್ಳಿ. ಅರ್ಷದ್ ನದೀಮ್ ಅವರ ಮೊದಲ ಪ್ರಯತ್ನ ಫೌಲ್. ಎರಡನೆಯದು 92.97 ಮೀಟರ್. 2008ರಿಂದ ಉಳಿದಿದ್ದ 90.57 ಮೀಟರ್‌ಗಳ ಒಲಿಂಪಿಕ್ ದಾಖಲೆ ಒಂದೇ ಏಟಿಗೆ ಹೋಯಿತು. ಅದೇ ಸುತ್ತಿನಲ್ಲಿ ನೀರಜ್ ಚೋಪ್ರಾ 89.45 ಎಸೆದರು. ಇಡೀ ಫೈನಲ್‌ನಲ್ಲಿ ಅವರ ಲೆಕ್ಕಕ್ಕೆ ಬಂದದ್ದು ಅದೊಂದೇ, ಉಳಿದ ಐದೂ ಫೌಲ್. ನದೀಮ್ ಕೊನೆಯ ಪ್ರಯತ್ನದಲ್ಲಿ ಮತ್ತೆ 91.79 ಎಸೆದರು. ಹೈಲೈಟ್ಸ್‌ನಲ್ಲಿ ಬಂದದ್ದು 92.97 ಮತ್ತು 89.45 ಮಾತ್ರ ಅಂತಿಟ್ಟುಕೊಳ್ಳಿ. ಆಗ ಅದು ಎರಡು ಅಂಕಿಗಳ ಸುದ್ದಿ ಅಷ್ಟೇ. ಆ ರಾತ್ರಿಯ ಜೀವ ಇದ್ದದ್ದು ಫೌಲ್‌ಗಳಲ್ಲಿ. 93 ಮೀಟರ್ ಹತ್ತಿರ ಹೋಗಲೇಬೇಕು ಅಂತ ಮೈಯೆಲ್ಲ ಹಾಕಿ ಎಸೆದು, ಮತ್ತೆ ಬರಿಗೈಯಲ್ಲಿ ಹಿಂದಕ್ಕೆ ನಡೆದು ಬರುವುದು ಇದೆಯಲ್ಲ, ಅದನ್ನು ನೋಡಿದವರಿಗೆ ಮಾತ್ರ ನೀರಜ್ ಅವರ ಬೆಳ್ಳಿಯ ತೂಕ ಗೊತ್ತು.

ಪರದೆಯ ಒಂದು ಮೂಲೆಯಲ್ಲಿ ಎಸೆತ, ಉಳಿದದ್ದರಲ್ಲಿ ಓಟ ತೋರಿಸಬಹುದು. 5,000 ಮೀಟರ್ ಓಟದ ಮಧ್ಯದ ಸುತ್ತುಗಳಲ್ಲಿ ಇದಕ್ಕೆ ಧಾರಾಳ ಸಮಯ ಇದೆ. ಪಕ್ಕದಲ್ಲಿ ಸುತ್ತಿನಿಂದ ಸುತ್ತಿಗೆ ಬದಲಾಗುವ ಪಟ್ಟಿ ಹಾಕಿದರೆ ಸಾಕು, ಜನ ತಾವಾಗಿಯೇ ಹಿಂಬಾಲಿಸುತ್ತಾರೆ.

ಕಾಮೆಂಟರಿ ಬಗ್ಗೆ?

ದೂರದ ಓಟದಲ್ಲಿ ಪ್ರತಿ ಸುತ್ತಿನ ಸಮಯ ಹೇಳಿ. ನನ್ನ ಬೇಡಿಕೆ ಇಷ್ಟೇ. ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ 10,000 ಮೀಟರನ್ನು 26 ನಿಮಿಷ 11 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದರು. 25 ಸುತ್ತು, ಸುತ್ತಿಗೆ ಸರಾಸರಿ 63 ಸೆಕೆಂಡಿಗಿಂತಲೂ ಕಡಿಮೆ. ಈ ಒಂದು ಲೆಕ್ಕ ಕಿವಿಗೆ ಬಿದ್ದರೆ, ಸುಮ್ನೆ ಸುತ್ತು ಹಾಕುತ್ತಿದ್ದಾರೆ ಅನಿಸಿದ್ದ ಓಟ ಬೇರೆಯಾಗಿಯೇ ಕಾಣುತ್ತದೆ. ಅದರ ಬದಲು ಓಟಗಾರನ ಊರು, ಮನೆ, ಮದುವೆ ಅಂತ ಮಾತು ಎಳೆಯುತ್ತಾ ಹೋದರೆ, ಯಾರೋ ವೇಗ ಹೆಚ್ಚಿಸಿದ ಕ್ಷಣವೇ ತಪ್ಪಿ ಹೋಗುತ್ತದೆ.

ಟ್ರ್ಯಾಕ್ ಅಂಚಿನಲ್ಲಿ ಓಡುವ ದೀಪಗಳು ಮೋಸ ಅಲ್ವಾ?

ಮೊದಲೇ ಗೊತ್ತು ಮಾಡಿದ ವೇಗದಲ್ಲಿ ಹೊತ್ತಿಕೊಳ್ಳುತ್ತಾ ಸಾಗುವ ಈ ದೀಪಗಳು ಓಟಗಾರರಿಗೆ ವೇಗ ತೋರಿಸುತ್ತವೆ. ಮೋಸ ಅಲ್ಲ, ನಿಯಮದಲ್ಲೇ ಇದೆ. ಚೆಪ್ಟೆಗೈ ದಾಖಲೆಗೂ ಅವು ಇದ್ದವು. ದಾಖಲೆ ಪಟ್ಟಿಯಲ್ಲಿ ಹೆಸರಿನ ಮುಂದೆ ಅದನ್ನು ಗುರುತು ಮಾಡಿದರೆ ನನಗೆ ತೃಪ್ತಿ. ದಾಖಲೆಯ ವೇಗಕ್ಕಿಂತ ಮುಂದಿದ್ದಾರೋ ಹಿಂದಿದ್ದಾರೋ ಅಂತ ನೋಡುವವರಿಗೆ ತಕ್ಷಣ ಗೊತ್ತಾಗುವುದು ದೊಡ್ಡ ಲಾಭ.

ಹೆಡ್‌ಲೈನ್‌ನಲ್ಲಿ ಬರುವ ಟೈಮಿಂಗ್ ನಂಬಬಹುದಾ?

ಗಾಳಿಯ ವೇಗ ಬರೆಯದಿದ್ದರೆ ಅದು ಅರ್ಧ ಸುದ್ದಿ. 100 ಮೀ., 200 ಮೀ., ಕಡಿಮೆ ದೂರದ ಹರ್ಡಲ್ಸ್, ಲಾಂಗ್‌ಜಂಪ್, ಟ್ರಿಪಲ್‌ಜಂಪ್‌ಗಳಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ದಾಖಲೆ ಲೆಕ್ಕಕ್ಕಿಲ್ಲ. 2022ರಲ್ಲಿ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟೋಬಿ ಅಮುಸಾನ್ 100 ಮೀ. ಹರ್ಡಲ್ಸ್ ಸೆಮಿಫೈನಲ್ ಅನ್ನು 12.12 ಸೆಕೆಂಡಿನಲ್ಲಿ ಓಡಿದರು, ವಿಶ್ವ ದಾಖಲೆ. ಅದೇ ದಿನ ಫೈನಲ್‌ನಲ್ಲಿ 12.06. ಇನ್ನೂ ವೇಗ. ಆದರೆ ಗಾಳಿ 2.5 ಇತ್ತು, ಹಾಗಾಗಿ ದಾಖಲೆಯಾಗಿ ಉಳಿದದ್ದು ಸೆಮಿಫೈನಲ್ ಓಟವೇ.

ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಮಹಿಳೆಯರ 100 ಮೀ. ದಾಖಲೆ. 1988ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಓಡಿದರು. ಆಗ ಗಾಳಿಮಾಪಕ ತೋರಿಸಿದ್ದು 0.0. ಅದೇ ಹೊತ್ತಿಗೆ ಪಕ್ಕದಲ್ಲಿ ನಡೆಯುತ್ತಿದ್ದ ಟ್ರಿಪಲ್‌ಜಂಪ್‌ನ ಮಾಪಕದಲ್ಲಿ 4.3 ಇತ್ತು. ಒಂದೇ ಮೈದಾನದಲ್ಲಿ ಒಂದು ಕಡೆ ಗಾಳಿಯೇ ಇಲ್ಲ, ಇನ್ನೊಂದು ಕಡೆ ಬಿರುಗಾಳಿ. ಆ ಮಾಪಕ ಕೆಟ್ಟಿತ್ತು ಅನ್ನುವುದು ನನ್ನ ನಂಬಿಕೆ. ಕಳೆದುಕೊಂಡವರು ಯಾರು ನೋಡಿ: ಜಮೈಕಾದ ಎಲೈನ್ ಥಾಂಪ್ಸನ್ ಹೆರಾ 2021ರಲ್ಲಿ ನಿಯಮದೊಳಗಿನ ಗಾಳಿಯಲ್ಲಿ 10.54 ಓಡಿದ್ದಾರೆ. ಗ್ರಿಫಿತ್ ಜಾಯ್ನರ್ ಅವರ ಎರಡನೇ ಉತ್ತಮ ಸಮಯ 10.61. ಆ ಒಂದು 10.49 ಇಲ್ಲದಿದ್ದರೆ ವಿಶ್ವ ದಾಖಲೆ ಥಾಂಪ್ಸನ್ ಹೆರಾ ಹೆಸರಿನಲ್ಲಿರುತ್ತಿತ್ತು. ಈ ಮಾತನ್ನು ಕ್ರೀಡಾ ಪುಟಗಳಲ್ಲಿ ನಾನು ಓದಿದ್ದು ತೀರಾ ಕಡಿಮೆ.

ಪ್ಯಾರಿಸ್ ಒಲಿಂಪಿಕ್ಸ್ ಪುರುಷರ 100 ಮೀ. ಫೈನಲ್‌ನಲ್ಲಿ ಕಿಶೇನ್ ಥಾಂಪ್ಸನ್ ಕಾಲು ಮುಂದಿತ್ತಲ್ಲ, ಲೈಲ್ಸ್ ಹೇಗೆ ಗೆದ್ದರು?

ಕಾಲು ಲೆಕ್ಕಕ್ಕಿಲ್ಲ. ತಲೆ, ಕತ್ತು, ಕೈ ಕೂಡ ಇಲ್ಲ. ಗೆರೆ ದಾಟಬೇಕಾದದ್ದು ಮುಂಡ, ಅಂದರೆ ಎದೆಯ ಭಾಗ. ಫೋಟೊ ಫಿನಿಷ್ ಚಿತ್ರ ನೋಡಿದರೆ ಕಿಶೇನ್ ಥಾಂಪ್ಸನ್ ಅವರ ಶೂ ಮುಂದಿದೆ, ನೋವಾ ಲೈಲ್ಸ್ ಎದೆ ಮುಂದಿದೆ. 9.784 ಮತ್ತು 9.789. ಅಂತರ ಒಂದು ಸೆಕೆಂಡಿನ ಸಾವಿರದ ಐದು ಭಾಗ. ಇಬ್ಬರಿಗೂ ಬೋರ್ಡ್ ಮೇಲೆ 9.79 ಅಂತಲೇ ಬಂತು. ಓಟದ ಮೊದಲ 30 ಮೀಟರ್‌ನಲ್ಲಿ ಲೈಲ್ಸ್ ಎಲ್ಲರಿಗಿಂತ ಹಿಂದಿದ್ದರು.

ಆ ಓಟದಲ್ಲಿ ಕೊನೆಗೆ ಬಂದ ಒಬ್ಲಿಕ್ ಸೆವಿಲ್ ಅವರ ಸಮಯ 9.91. ಎಂಟಕ್ಕೆ ಎಂಟು ಜನ 10 ಸೆಕೆಂಡಿನೊಳಗೆ! 9.91 ಓಡಿ ಕೊನೆಯವನಾಗುವುದು ಅಂದರೆ ಏನು ಅಂತ ಯಾರಾದರೂ ಅವರೊಡನೆ ಕೂತು ಮಾತಾಡಿ ಬರೆಯಬೇಕಿತ್ತು. ನಾನಾಗಿದ್ದರೆ ಮೊದಲ ಪುಟಕ್ಕೆ ಅದನ್ನೇ ಹಾಕುತ್ತಿದ್ದೆ.

ಒಂದೇ ಫಾಲ್ಸ್ ಸ್ಟಾರ್ಟ್‌ಗೆ ಹೊರಗೆ ಹಾಕುವುದು ಅತಿಯಾಯಿತು ಅಲ್ವಾ?

ಒಂದಕ್ಕೇ ಹೊರಗೆ ಅನ್ನುವ ನಿಯಮ 2010ರಲ್ಲಿ ಬಂತು. ಮರುವರ್ಷವೇ ಡೇಗು ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಬೇಗ ಎದ್ದು ಹೊರಗೆ ಹೋದರು. ಆದರೂ ನಿಯಮ ಬದಲಾಗಲಿಲ್ಲ. ಅದು ಸರಿ. ಹೆಸರು ದೊಡ್ಡದು ಅಂತ ನಿಯಮ ಬಾಗಬಾರದು. ಹಳೆಯ ಪದ್ಧತಿಯಲ್ಲಿ ಬೇಕಂತಲೇ ಒಮ್ಮೆ ಬೇಗ ಎದ್ದು ಉಳಿದವರ ಏಕಾಗ್ರತೆ ಕೆಡಿಸಲು ಆಗುತ್ತಿತ್ತು.

ನನ್ನ ತಕರಾರು 0.100 ಸೆಕೆಂಡಿನ ಮಿತಿ ಬಗ್ಗೆ. ಗುಂಡಿನ ಸದ್ದಾದ ಮೇಲೆ ಅಷ್ಟು ಹೊತ್ತಿಗಿಂತ ಮೊದಲೇ ಎದ್ದರೆ, ಸದ್ದು ಕೇಳಿ ಎದ್ದದ್ದಲ್ಲ, ಊಹಿಸಿ ಎದ್ದದ್ದು ಅಂತ ನಿಯಮ ಹೇಳುತ್ತದೆ. ಯೂಜೀನ್‌ನ 110 ಮೀ. ಹರ್ಡಲ್ಸ್ ಫೈನಲ್‌ನಲ್ಲಿ ಡೆವೊನ್ ಅಲೆನ್ ಅವರದ್ದು 0.099 ಬಂತು. ಸಾವಿರದ ಒಂದು ಭಾಗಕ್ಕೆ ವಿಶ್ವ ಫೈನಲ್ ತಪ್ಪಿತು. ಕಣ್ಣಿಗೆ ಕಾಣುವಂತೆ ಮುಂದೆ ಹಾರಿದವರಿಗೂ, ಅಲೆನ್ ಥರ ಅಂಚಿನಲ್ಲಿ ಸಿಕ್ಕವರಿಗೂ ಒಂದೇ ಶಿಕ್ಷೆ ಬೇಡ. ಅಂಚಿನ ಪ್ರಕರಣಗಳಲ್ಲಿ ಓಡಲು ಬಿಟ್ಟು ಆಮೇಲೆ ತೀರ್ಮಾನ ಮಾಡಲಿ.

ಹೊಸ ಶೂಗಳು ಬಂದ ಮೇಲೆ ದಾಖಲೆಗಳಿಗೆ ಬೆಲೆ ಇದೆಯಾ?

ಇದೆ, ಆದರೆ ಹಳೆಯದರ ಜೊತೆ ಹಾಗೇ ಪಕ್ಕದಲ್ಲಿಟ್ಟು ಹೋಲಿಸಬಾರದು. ದಪ್ಪನೆಯ, ಹಗುರಾದ ಫೋಮ್, ಒಳಗೆ ಕಾರ್ಬನ್ ಪ್ಲೇಟ್ ಇರುವ ಶೂಗಳು 2017ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಪಾದ ನೆಲಕ್ಕೆ ಬಿದ್ದಾಗ ಹೋಗುವ ಶಕ್ತಿಯಲ್ಲಿ ಜಾಸ್ತಿ ಪಾಲನ್ನು ಈ ಫೋಮ್ ವಾಪಸ್ ಕೊಡುತ್ತದೆ. 2020ರಲ್ಲಿ ರಸ್ತೆ ಓಟಕ್ಕೆ ಅಡಿಭಾಗ 40 ಮಿಲಿಮೀಟರ್ ದಾಟಬಾರದು, ಪ್ಲೇಟ್ ಒಂದೇ ಇರಬೇಕು ಅಂತ ನಿಯಮ ಮಾಡಿದರು. 2021ರ ವಿಯೆನ್ನಾ ಮ್ಯಾರಥಾನ್ ಗೆದ್ದ ಡೆರಾರಾ ಹುರಿಸಾ ಅವರ ಶೂ ಅಡಿಭಾಗ 50 ಮಿಲಿಮೀಟರ್ ಇತ್ತು ಅಂತ ಗೆಲುವನ್ನೇ ಕಿತ್ತುಕೊಂಡರು.

ಕ್ರೀಡೆಯಲ್ಲಿ ಉಪಕರಣ ಬದಲಾಗುವುದು ಹೊಸದಲ್ಲ. 1984ರಲ್ಲಿ ಉವೆ ಹೋನ್ ಜಾವೆಲಿನ್ ಅನ್ನು 104.80 ಮೀಟರ್ ಎಸೆದರು. ಆಮೇಲೆ 1986ರಲ್ಲಿ ಭರ್ಜಿಯ ಭಾರ ಕೇಂದ್ರವನ್ನು ಮುಂದಕ್ಕೆ ಸರಿಸಿ, ಅದು ಬೇಗ ಮೂತಿ ಕೆಳಗೆ ಮಾಡಿ ಬೀಳುವಂತೆ ಮಾಡಿದರು, ದಾಖಲೆ ಪಟ್ಟಿಯನ್ನೂ ಹೊಸದಾಗಿ ಶುರು ಮಾಡಿದರು. ಶೂ ವಿಷಯದಲ್ಲೂ ಆ ಧೈರ್ಯ ತೋರಿಸಬೇಕಿತ್ತು. ಇಲ್ಲಿ ಕಳೆದುಕೊಂಡವರು, ತಮ್ಮ ಪ್ರಾಯೋಜಕರ ಶೂ ಇನ್ನೂ ಹಿಂದೆ ಉಳಿದಿದ್ದ ಆ ಎರಡು ಮೂರು ವರ್ಷ ಒಪ್ಪಂದದಿಂದಾಗಿ ಅದನ್ನೇ ಹಾಕಿಕೊಂಡು ಓಡಿದವರು. ಅವರ ಸೋಲನ್ನು ಯಾರೂ ಮರುಲೆಕ್ಕ ಹಾಕುವುದಿಲ್ಲ.

ಎಲ್ಲರೂ ಉದ್ದೀಪನ ಮದ್ದು ತಗೊಳ್ಳುತ್ತಾರೆ, ಹಾಗಿದ್ದ ಮೇಲೆ ನೋಡುವುದು ಯಾಕೆ?

ಈ ಪ್ರಶ್ನೆಗೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಎಲ್ಲರೂ ಅನ್ನುವ ಒಂದು ಮಾತಿನಲ್ಲಿ, ಪ್ರಾಮಾಣಿಕವಾಗಿ ಓಡಿ ನಾಲ್ಕನೆಯವರಾದವರನ್ನು ಎರಡನೇ ಸಲ ಸೋಲಿಸುತ್ತೇವೆ.

ದೊಡ್ಡ ಮಟ್ಟದ ಓಟಗಾರರು ದಿನಕ್ಕೆ ಒಂದು ಗಂಟೆ ತಾವು ಎಲ್ಲಿ ಸಿಗುತ್ತೇವೆ ಅಂತ ಮೊದಲೇ ತಿಳಿಸಬೇಕು. ಆ ಹೊತ್ತಿಗೆ ಅಧಿಕಾರಿಗಳು ಬಂದು ಬಾಗಿಲು ತಟ್ಟಬಹುದು. 12 ತಿಂಗಳಲ್ಲಿ ಮೂರು ಸಲ ತಪ್ಪಿಸಿಕೊಂಡರೆ ಮದ್ದು ಸಿಗದಿದ್ದರೂ ನಿಷೇಧ. 2019ರ 100 ಮೀ. ವಿಶ್ವ ಚಾಂಪಿಯನ್ ಕ್ರಿಸ್ಟಿಯನ್ ಕೋಲ್ಮನ್ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡದ್ದು ಹೀಗೆಯೇ. ಮಾದರಿಗಳನ್ನು 10 ವರ್ಷ ಇಟ್ಟು, ಹೊಸ ವಿಧಾನ ಬಂದಾಗ ಮತ್ತೆ ಪರೀಕ್ಷೆ ಮಾಡುತ್ತಾರೆ.

ಸಿಕ್ಕಿಬಿದ್ದವರ ಸುದ್ದಿ ದೊಡ್ಡದಾಗಿ ಬರುತ್ತದೆ, ಬರಲಿ. ಲಶಿಂಡಾ ಡೆಮಸ್ ಸುದ್ದಿ ಎಷ್ಟು ಜನಕ್ಕೆ ಗೊತ್ತು? 2012ರ ಲಂಡನ್ ಒಲಿಂಪಿಕ್ಸ್‌ನ 400 ಮೀ. ಹರ್ಡಲ್ಸ್‌ನಲ್ಲಿ ಅವರು 52.77 ಓಡಿ ಎರಡನೆಯವರಾದರು. 52.70 ಓಡಿ ಗೆದ್ದಿದ್ದ ರಷ್ಯಾದ ನಟಾಲಿಯಾ ಅಂತ್ಯುಖ್ ಉದ್ದೀಪನ ಮದ್ದು ತಗೊಂಡಿದ್ದು ಆಮೇಲೆ ಬಯಲಾಯಿತು. ಡೆಮಸ್ ಕೊರಳಿಗೆ ಚಿನ್ನ ಬಿದ್ದದ್ದು 2024ರಲ್ಲಿ, ಪ್ಯಾರಿಸ್‌ನಲ್ಲಿ. 12 ವರ್ಷ ತಡ. ಆ ಹೊತ್ತಿಗೆ ಅವರು ಓಟ ಬಿಟ್ಟಾಗಿತ್ತು. ಚಾಂಪಿಯನ್ ಅಂತ ಸಿಗಬೇಕಾಗಿದ್ದ ಪ್ರಾಯೋಜಕರು, ಆಹ್ವಾನಗಳು, ಸ್ಟೇಡಿಯಂನಲ್ಲಿ ಕೇಳಬೇಕಾಗಿದ್ದ ರಾಷ್ಟ್ರಗೀತೆ ಯಾವುದೂ ಹಿಂದಕ್ಕೆ ಬರುವುದಿಲ್ಲ. ಮದ್ದಿನ ಪ್ರತಿ ಸುದ್ದಿಯ ಜೊತೆ, ಆ ಓಟದಲ್ಲಿ ಹಿಂದೆ ಬಿದ್ದವರ ಹೆಸರು ಕಡ್ಡಾಯವಾಗಿ ಬರಬೇಕು ಅಂತ ನಾನು ಹೇಳುವುದು ಇದಕ್ಕೇ.

ದಾಖಲೆ ಮಾಡಿದ ದಿನವೇ ಮದ್ದಿನ ಬಗ್ಗೆ ಕೇಳುವ ಪತ್ರಕರ್ತರದ್ದು ಅವಮಾನ ಅಲ್ವಾ?

ಕೆನ್ಯಾದ ರೂತ್ ಚೆಪ್‌ನ್‌ಗೆಟಿಚ್ 2024ರ ಅಕ್ಟೋಬರ್‌ನಲ್ಲಿ ಷಿಕಾಗೊ ಮ್ಯಾರಥಾನ್‌ನಲ್ಲಿ 2:09:56 ಓಡಿ ವಿಶ್ವ ದಾಖಲೆ ಮಾಡಿದಾಗ ಪತ್ರಿಕಾಗೋಷ್ಠಿಯಲ್ಲಿ ಇಂಥ ಪ್ರಶ್ನೆ ಬಂತು. ಕೇಳಿದವರ ಮೇಲೆ ಬಹಳ ಜನ ಮುಗಿಬಿದ್ದರು. 2025ರ ಮಾರ್ಚ್‌ನಲ್ಲಿ ಕೊಟ್ಟ ಮಾದರಿಯಲ್ಲಿ ನಿಷೇಧಿತ ಪದಾರ್ಥ ಸಿಕ್ಕಿತು, ಮೂರು ವರ್ಷ ನಿಷೇಧ ಆಯಿತು. ಷಿಕಾಗೊ ಓಟ ಅದಕ್ಕಿಂತ ಹಿಂದಿನದ್ದಾದ್ದರಿಂದ ಆ ತೀರ್ಪು ದಾಖಲೆಯನ್ನು ಮುಟ್ಟಲಿಲ್ಲ.

ಕೇಳುವುದು ಪತ್ರಕರ್ತರ ಕೆಲಸ. ಎಲ್ಲ ದೇಶದವರನ್ನೂ ಒಂದೇ ದನಿಯಲ್ಲಿ ಕೇಳಬೇಕು, ಅದು ಮುಖ್ಯ. ಆಫ್ರಿಕಾದವರನ್ನು ಸಂಶಯದಿಂದ, ಯುರೋಪಿನವರನ್ನು ನಗುನಗುತ್ತಾ ಮಾತಾಡಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

1980ರ ದಶಕದ ದಾಖಲೆಗಳನ್ನು ಅಳಿಸಬೇಕಾ?

ಬೇಡ. ಯಾರಮಿಲಾ ಕ್ರಾಟೊಚ್ವಿಲೊವಾ ಅವರ 800 ಮೀ. ದಾಖಲೆ 1983ರದ್ದು, ಮರಿಟಾ ಕೋಚ್ ಅವರ 400 ಮೀ. 1985ರದ್ದು. ಸಂಶಯ ಏನೇ ಇರಲಿ, ತಪ್ಪು ಸಾಬೀತಾಗದೆ ಅಳಿಸಿದರೆ ಆ ಕಾಲದ ಪ್ರಾಮಾಣಿಕರೂ ಅದೇ ಗುಂಪಿಗೆ ಸೇರುತ್ತಾರೆ. 2017ರಲ್ಲಿ ಯುರೋಪಿನಲ್ಲಿ ಇಂಥ ಪ್ರಸ್ತಾಪ ಬಂದಾಗ ಲಾಂಗ್‌ಜಂಪ್ ದಾಖಲೆಯ ಮೈಕ್ ಪಾವೆಲ್, ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ವಿರೋಧಿಸಿದ್ದು ನ್ಯಾಯವೇ.

ಮಹಿಳಾ ವಿಭಾಗದ ಜೀನ್ ಪರೀಕ್ಷೆ ಬಗ್ಗೆ ನಿಮ್ಮ ನಿಲುವು?

2025ರ ಸೆಪ್ಟೆಂಬರ್ 1ರಿಂದ ವಿಶ್ವ ಮಟ್ಟದ ಮಹಿಳಾ ಸ್ಪರ್ಧೆಗೆ ಬರುವವರು ಜೀವಮಾನದಲ್ಲಿ ಒಮ್ಮೆ, ಸಾಮಾನ್ಯವಾಗಿ ಪುರುಷರಲ್ಲಿರುವ ವೈ ಕ್ರೋಮೋಸೋಮ್‌ನ ಎಸ್‌ಆರ್‌ವೈ ಜೀನ್ ಇದೆಯೇ ಅಂತ ಪರೀಕ್ಷೆ ಮಾಡಿಸಬೇಕು. ಕೆನ್ನೆಯ ಒಳಭಾಗದಿಂದ ಅಥವಾ ರಕ್ತದಿಂದ ಮಾದರಿ ತೆಗೆಯುತ್ತಾರೆ. ಮಹಿಳೆಯರಿಗೆ ಪ್ರತ್ಯೇಕ ವಿಭಾಗ ಬೇಕು, ಅದಕ್ಕೊಂದು ಗಡಿಯೂ ಬೇಕು. ಇಷ್ಟನ್ನು ನಾನು ಒಪ್ಪುತ್ತೇನೆ.

ಆದರೆ ಈ ಚರಿತ್ರೆಯಲ್ಲಿ ಮಾಧ್ಯಮ ಮಾಡಿದ ಗಾಯಗಳನ್ನು ಮರೆಯಲು ಆಗುವುದಿಲ್ಲ. ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟೀನ್ಯೊ 1985ರಲ್ಲಿ ಇಂಥ ಪರೀಕ್ಷೆಯಲ್ಲಿ ಹೊರಬಿದ್ದರು. ವಿಷಯ ಪತ್ರಿಕೆಗಳಿಗೆ ಸೋರಿತು. ವಿದ್ಯಾರ್ಥಿವೇತನ ಹೋಯಿತು, ಪದಕ ದಾಖಲೆಗಳೂ ಹೋದವು. ಅವರ ದೇಹ ಪುರುಷ ಹಾರ್ಮೋನಿಗೆ ಸ್ಪಂದಿಸುವುದೇ ಇಲ್ಲ ಅಂತ ಗೊತ್ತಾಗಿ 1988ರಲ್ಲಿ ಮತ್ತೆ ಓಡಲು ಬಿಟ್ಟರು. ಅಷ್ಟರಲ್ಲಿ ಒಳ್ಳೆಯ ವರ್ಷಗಳು ಮುಗಿದಿದ್ದವು. 2009ರಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 800 ಮೀ. ಫೈನಲ್ ಓಡುವ ಮುಂಚೆಯೇ ಅವರ ಪರೀಕ್ಷೆಯ ಸುದ್ದಿ ಹೊರಬಿದ್ದಿತ್ತು. ಆಗ ವಯಸ್ಸು 18. ಜಗತ್ತೆಲ್ಲ ಆ ಹುಡುಗಿಯ ಮೈ ಬಗ್ಗೆ ಮಾತಾಡಿತು. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಸೆಮೆನ್ಯಾ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಅಂತ ಹೇಳಿದೆ.

ಪರೀಕ್ಷೆಯ ಫಲಿತಾಂಶ ಓಟಗಾರ್ತಿ ಮತ್ತು ವೈದ್ಯರ ನಡುವೆ ಇರಬೇಕು. ಹೆಸರು ಸೋರಿದರೆ ಸೋರಿಸಿದವರಿಗೆ ಶಿಕ್ಷೆ ಆಗಬೇಕು, ಅಚ್ಚು ಮಾಡಿದ ಪತ್ರಿಕೆ ಕ್ಷಮೆ ಕೇಳಬೇಕು. ಯಾರದ್ದೋ ಭುಜ, ದನಿ ನೋಡಿ ಊಹೆ ಮಾಡುವ ಅಭಿಮಾನಿಗಳಿಗೂ ಇದೇ ಮಾತು.

ಅಥ್ಲೆಟಿಕ್ಸ್‌ನಲ್ಲಿ ದುಡ್ಡು ಇದೆಯಾ?

ತುದಿಯಲ್ಲಿರುವ ಕೆಲವರಿಗೆ ಇದೆ. ಪ್ಯಾರಿಸ್‌ನಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಪ್ರತಿ ಚಿನ್ನಕ್ಕೆ 50,000 ಡಾಲರ್ ಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಹೀಗೆ ಕೊಟ್ಟ ಮೊದಲ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟ ಅದು. ಬೇರೆ ಒಕ್ಕೂಟಗಳು ಗೊಣಗಿದವು. ನನಗೆ ಖುಷಿಯಾಯಿತು. ಟಿವಿ ಹಕ್ಕಿನ ದುಡ್ಡು ಹುಟ್ಟುವುದೇ ಓಡುವವರಿಂದ.

ಬಹುಪಾಲು ಜನ ಬದುಕುವುದು ಶೂ ಕಂಪನಿಗಳ ಒಪ್ಪಂದದ ಮೇಲೆ. ಗರ್ಭಿಣಿಯಾದರೆ ಆ ದುಡ್ಡು ಕಡಿತ ಆಗುತ್ತಿತ್ತು. 2019ರಲ್ಲಿ ಆಲಿಸನ್ ಫೆಲಿಕ್ಸ್ ಬಹಿರಂಗವಾಗಿ ಬರೆದ ಮೇಲೆ ಅವರ ಪ್ರಾಯೋಜಕರಾಗಿದ್ದ ನೈಕಿ ನಿಯಮ ಬದಲಿಸಿತು. ಒಂದು ಪತ್ರಿಕೆಯ ಒಂದು ಲೇಖನ ಎಷ್ಟು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2025ರಲ್ಲಿ ಮೈಕಲ್ ಜಾನ್ಸನ್ ಶುರು ಮಾಡಿದ ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್ ಅನ್ನುವ ಓಟದ ಕೂಟಗಳ ಸರಣಿ ದೊಡ್ಡ ಬಹುಮಾನದ ಮಾತಾಡಿತು. ನಾಲ್ಕನೇ ಕೂಟ ರದ್ದಾಯಿತು, ಓಡಿದವರು ದುಡ್ಡಿಗೆ ಕಾಯಬೇಕಾಯಿತು. ಅಲ್ಲಿ ಎಸೆತ, ಜಿಗಿತ ಇರಲೇ ಇಲ್ಲ ಅನ್ನುವುದು ನನಗೆ ಮೊದಲ ದಿನದಿಂದಲೂ ನೋವು.

ಸೋತವರು ಮಾಧ್ಯಮದೊಡನೆ ಮಾತಾಡಲೇಬೇಕಾ?

ಬೇಕು ಅಂತ ನಿರೀಕ್ಷಿಸುವುದು ತಪ್ಪಲ್ಲ, ಐದು ನಿಮಿಷ ಉಸಿರಾಡಲು ಬಿಡಿ. ಗೆರೆ ದಾಟಿ ಇನ್ನೂ ಬಗ್ಗಿ ನಿಂತವರ ಮುಂದೆ ಮೈಕ್ ಹಿಡಿದು "ಹೇಗನಿಸುತ್ತಿದೆ?" ಅಂದರೆ ಅವರು ಏನು ಹೇಳಬೇಕು? "ಕೊನೆಯ ತಿರುವಿನಲ್ಲಿ ಹೊರಗಿನ ಲೇನ್‌ಗೆ ಯಾಕೆ ಬಂದಿರಿ?" ಅಂತ ಕೇಳಿ. ಓಟ ನೋಡಿದವರು ಕೇಳುವ ಪ್ರಶ್ನೆ ಅದು, ಉತ್ತರವೂ ಚೆನ್ನಾಗಿ ಬರುತ್ತದೆ.

ಬೆಟ್ಟಿಂಗ್ ಬಂದರೆ ಜನಪ್ರಿಯತೆ ಹೆಚ್ಚುತ್ತದೆ ಅಂತಾರೆ?

2025ರಲ್ಲಿ ಫಿಲಡೆಲ್ಫಿಯಾ ಕೂಟದಲ್ಲಿ ಒಬ್ಬ ಮನುಷ್ಯ ಒಲಿಂಪಿಕ್ ಚಾಂಪಿಯನ್ ಗ್ಯಾಬಿ ಥಾಮಸ್ ಹಿಂದೆ ಬಿದ್ದು ಕೂಗಾಡಿದ. ಅವರ ವಿರುದ್ಧ ಬಾಜಿ ಕಟ್ಟಿದ್ದನ್ನು ಆಮೇಲೆ ತಾನೇ ಕೊಚ್ಚಿಕೊಂಡ. ಅಥ್ಲೆಟಿಕ್ಸ್‌ನಲ್ಲಿ ಓಟಗಾರರು ಪ್ರೇಕ್ಷಕರ ಕೈಗೆಟುಕುವಷ್ಟು ಹತ್ತಿರ ಇರುತ್ತಾರೆ. ಹೀಗೆ ಬರುವ ಜನಪ್ರಿಯತೆ ನನಗೆ ಬೇಡ.

ಚಿನ್ನ ಹಂಚಿಕೊಳ್ಳುವುದು ಸರಿಯಾ?

ಸರಿ. ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಬರ್ಷಿಮ್ ಮತ್ತು ತಾಂಬೆರಿ 2.37 ಮೀಟರ್‌ನಲ್ಲಿ ಸಮವಾಗಿ ಚಿನ್ನ ಹಂಚಿಕೊಂಡರು. ಪ್ಯಾರಿಸ್‌ನಲ್ಲಿ ಸಮವಾದ ಹಾಮಿಷ್ ಕೆರ್ ಮತ್ತು ಶೆಲ್ಬಿ ಮೆಕ್‌ಇವನ್ ಹಂಚಿಕೊಳ್ಳದೆ ಮತ್ತೆ ಜಿಗಿದರು, ಕೆರ್ ಗೆದ್ದರು. ಎರಡೂ ನಿಯಮದಲ್ಲಿದೆ, ತೀರ್ಮಾನ ಜಿಗಿಯುವವರದ್ದು. ಮೆಕ್‌ಇವನ್ ಬೆಳ್ಳಿಗೆ ಇಳಿದರು ಅಂತ ಹೀಯಾಳಿಸಿದ್ದು ಮಾತ್ರ ಬಹಳ ಕೆಟ್ಟದ್ದು.

ಮದ್ದು ತಗೊಂಡೂ ಓಡಬಹುದು ಅನ್ನುವ ಎನ್‌ಹಾನ್ಸ್‌ಡ್ ಗೇಮ್ಸ್ ನೋಡುತ್ತೀರಾ?

ಇಲ್ಲ. 100 ಮೀ. ಅನ್ನು ವಿಶ್ವ ದಾಖಲೆಗಿಂತ ವೇಗವಾಗಿ ಓಡಿದರೆ 10 ಲಕ್ಷ ಡಾಲರ್ ಅಂತ ಘೋಷಿಸಿದ್ದಾರೆ. ದೇಹಕ್ಕೆ ಏನಾದರೂ ಆದರೆ ಅನುಭವಿಸುವುದು ಓಡಿದವರು. ಅದನ್ನು ನೋಡಿ ಮದ್ದು ಹುಡುಕುವ ಹದಿನಾರರ ಹುಡುಗರ ಯೋಚನೆ ನನಗೆ ಇನ್ನೂ ಜಾಸ್ತಿ.

ಹೊಸದಾಗಿ ನೋಡುವವರು ಎಲ್ಲಿಂದ ಶುರು ಮಾಡಬೇಕು?

100 ಮೀ. ಬಿಡಿ, ಅದು ಹೇಗೂ ಕಣ್ಣಿಗೆ ಬೀಳುತ್ತದೆ. ಏಳು ಸ್ಪರ್ಧೆಗಳ ಅಂಕ ಕೂಡಿಸುವ ಮಹಿಳೆಯರ ಹೆಪ್ಟಾಥ್ಲಾನ್ ಅಥವಾ ಹತ್ತು ಸ್ಪರ್ಧೆಗಳ ಪುರುಷರ ಡೆಕಾಥ್ಲಾನ್ ಅನ್ನು ಎರಡೂ ದಿನ ಪೂರ್ತಿ ನೋಡಿ. ಕೊನೆಯ ಓಟಕ್ಕೆ ಮುಂಚೆ ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಯಾರು ಯಾರನ್ನು ಎಷ್ಟು ಸೆಕೆಂಡಿನಿಂದ ಹಿಂದೆ ಹಾಕಬೇಕು ಅಂತ ನೀವೇ ಲೆಕ್ಕ ಹಾಕಿ. ಆಗ ಏಳನೇ ಸ್ಥಾನಕ್ಕೆ ಓಡುತ್ತಿರುವವರ ಹೆಸರೂ ನಿಮಗೆ ಗೊತ್ತಿರುತ್ತದೆ.